ಕೈಯಲ್ಲಿರುವುದು, ಕೈಯಲ್ಲಿಲ್ಲದ್ದು

(ಅಂತರಸಂತೆಯಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮನಸ್ಸಿನ ನೆಮ್ಮದಿಯ ಬಗ್ಗೆ ಮಾತನಾಡಬೇಕೆಂದು ಸಂಘದವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ನಿಮ್ಮ ಊರಿನ ಮುಂದಿರುವ ಕಾಡಿನ ಗೇಟು. ಮಾನಂದವಾಡಿ ರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಐದು ನಿಮಿಷ ತಡವಾಗಿ ಬಂದು ಗಾರ್ಡಿನ ಮೇಲೆ ಕೂಗಾಡುವವರನ್ನು ನೀವು ನೋಡಿರುತ್ತೀರಿ. ಕೂಗಾಟಕ್ಕೆ ಗೇಟು ತೆರೆಯುವುದಿಲ್ಲ. ಅರ್ಧ ಗಂಟೆ ಮೊದಲು ಹೊರಡುವುದು ಅವರ ಕೈಯಲ್ಲಿತ್ತು. ಗೇಟು ಅವರ ಕೈಯಲ್ಲಿಲ್ಲ.

ಸುಮಾರು 2300 ವರ್ಷಗಳ ಹಿಂದೆ ಅಥೆನ್ಸ್ ನಗರದ ಒಂದು ಕಂಬಸಾಲಿನ ಜಗಲಿಯಲ್ಲಿ ಝೀನೋ ಎಂಬಾತ ಪಾಠ ಶುರುಮಾಡಿದ. ಆ ಜಗಲಿಗೆ ಗ್ರೀಕಿನಲ್ಲಿ ಸ್ಟೋವಾ ಎಂದು ಹೆಸರು. ಅದರಿಂದ ಅವರಿಗೆ ಸ್ಟೋಯಿಕರು ಎಂಬ ಹೆಸರು ಬಂತು. ಅವರಲ್ಲಿ ಎಪಿಕ್ಟೆಟಸ್ ಹುಟ್ಟಾ ಗುಲಾಮ, ಕಾಲು ಕುಂಟು. ತಾನಾಗಿ ಏನೂ ಬರೆಯಲಿಲ್ಲ, ಶಿಷ್ಯ ಅರಿಯನ್ ಬರೆದಿಟ್ಟ. ನಮ್ಮ ಅಭಿಪ್ರಾಯ, ಬಯಕೆ, ಪ್ರಯತ್ನ ನಮ್ಮವು. ದೇಹ, ಆಸ್ತಿ, ಹೆಸರು, ಅಧಿಕಾರ ಪೂರ್ತಿಯಾಗಿ ನಮ್ಮವಲ್ಲ ಎಂಬುದೇ ಅವನ ಪಾಠದ ಬುಡ. ಇದನ್ನು ಹೇಳಿದವನು ಇನ್ನೊಬ್ಬರ ಸ್ವತ್ತಾಗಿ ಬದುಕಿದವನು ಎಂಬುದನ್ನು ಮರೆಯಬೇಡಿ.

ಈ ವಿಚಾರ ಬಾಗ್ದಾದಿಗೂ ಬಂತು. ಒಂಬತ್ತನೆಯ ಶತಮಾನದ ಅಲ್-ಕಿಂದಿ ದುಃಖವನ್ನು ದೂರಮಾಡುವ ಬಗೆಯನ್ನು ಕುರಿತು ಒಂದು ಪತ್ರರೂಪದ ಗ್ರಂಥ ಬರೆದರು. ಪ್ರಿಯವಾದದ್ದನ್ನು ಕಳೆದುಕೊಂಡಾಗ, ಬಯಸಿದ್ದು ಸಿಗದಿದ್ದಾಗ ದುಃಖ ಬರುತ್ತದೆ ಎನ್ನುತ್ತಾರೆ. ಎಪಿಕ್ಟೆಟಸ್ ಹೇಳಿದ ಹಡಗಿನ ದೃಷ್ಟಾಂತ ಅವರಲ್ಲಿ ಹಿಗ್ಗಿ ದೊಡ್ಡ ಕಥೆಯಾಗಿದೆ. ಹಡಗು ದಡಕ್ಕೆ ನಿಂತಿದೆ, ಪ್ರಯಾಣಿಕರು ಇಳಿದಿದ್ದಾರೆ. ಕೆಲವರು ಕೆಲಸ ಮುಗಿಸಿ ಬೇಗ ಬಂದು ಒಳ್ಳೆಯ ಜಾಗ ಹಿಡಿದರು. ಕೆಲವರು ಹೂವು, ಚಿಪ್ಪು, ಬಣ್ಣದ ಕಲ್ಲು ಆರಿಸುತ್ತ ತಡಮಾಡಿ, ಇಕ್ಕಟ್ಟಿನಲ್ಲಿ ಕುಳಿತು, ಆ ಕಲ್ಲುಗಳನ್ನೇ ಹೊತ್ತು ನರಳಿದರು. ಇನ್ನು ಕೆಲವರು ಕಾಡಿನೊಳಗೆ ಎಷ್ಟು ದೂರ ಹೋದರೆಂದರೆ ನಾವಿಕ ಕರೆದದ್ದೇ ಕೇಳಿಸಲಿಲ್ಲ. ಆನೆ, ಹುಲಿಯ ನೆರೆಯಲ್ಲಿ ಬದುಕುವ ನಿಮಗೆ ಅವರ ಗತಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅನ್ಯಾಯ ಆದವರಿಗೆ ಸುಮ್ಮನಿರಿ ಎನ್ನಲು ಈ ತತ್ವವನ್ನು ಬಳಸಬಾರದು. 1974ರಲ್ಲಿ ಕಟ್ಟಿ ಮುಗಿಸಿದ ಕಬಿನಿ ಅಣೆಕಟ್ಟಿಗೆ ಹೊಲ ಮನೆ ಬಿಟ್ಟವರಿಗೆ ನೀರನ್ನು ತಡೆಯುವುದು ಆಗಲಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಿ ಓಡಾಡುವುದು ಆಗುತ್ತಿತ್ತು. ಅದೂ ಕೈಯಲ್ಲಿರುವ ಕೆಲಸವೇ.

ಸಿಟ್ಟಿನ ವಿಷಯಕ್ಕೆ ಬರೋಣ. ರೋಮಿನ ಸೆನೆಕ ಸಿಟ್ಟಿನ ಬಗ್ಗೆಯೇ ಒಂದು ಪುಸ್ತಕ ಬರೆದ. ರಾತ್ರಿ ದೀಪ ತೆಗೆದ ಮೇಲೆ ಆ ದಿನ ಆಡಿದ್ದು, ಮಾಡಿದ್ದು ಎಲ್ಲವನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದನಂತೆ, ಯಾವುದನ್ನೂ ಮುಚ್ಚಿಡದೆ. ನಾನು ಇದನ್ನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಮಾಡಿದ್ದು ಕಡಿಮೆ.

ಕೆಲವು ವರ್ಷಗಳ ಹಿಂದೆ ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯದಲ್ಲಿ ಫೇಲಾದಳು. ಮೇಷ್ಟ್ರ ಮಗಳು ಫೇಲಂತೆ ಎಂದು ಊರವರು ಅನ್ನುತ್ತಾರಲ್ಲ, ಅದೇ ನನ್ನ ಚಿಂತೆ. ಎರಡು ದಿನ ಅವಳನ್ನು ಮಾತಾಡಿಸಲಿಲ್ಲ. ಅವಳ ತಾಯಿ ಬಡಿಸಿದ ಊಟಕ್ಕೂ ಕೊಂಕು ತೆಗೆದೆ. ಮೂರನೆಯ ದಿನ ಬೆಳಿಗ್ಗೆ ಅವಳೇ ಚಹಾ ತಂದಿಟ್ಟು, "ಅಬ್ಬಾ, ಪೂರಕ ಪರೀಕ್ಷೆಗೆ ಫೀಸು ಕಟ್ಟಲು ನಾಳೆ ಕೊನೆಯ ದಿನ. ನೀವು ಬರುತ್ತೀರಾ, ನಾನೊಬ್ಬಳೇ ಹೋಗಲಾ?" ಎಂದಳು.

ಎಪಿಕ್ಟೆಟಸನನ್ನು ಓದಿದ್ದವನು ನಾನು, ಓದದವಳು ಅವಳು. ಅಂಗಿ ಹಾಕಿಕೊಂಡು ಅವಳ ಜೊತೆ ಹೊರಟೆ. ದಾರಿಯಲ್ಲಿ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಮಾತ್ರ ಅವಳು ನನಗೆ ಬಿಟ್ಟುಕೊಟ್ಟಳು.