ಹೆಸರು ಕಳೆದುಕೊಂಡ ನದಿ



ಇಂದು ನಿಮಗೆ ಒಂದು ವಿಚಿತ್ರ ಮತದ ವಿಚಾರ ಹೇಳಬೇಕೆಂದಿದ್ದೇನೆ. ಈ ಮತಕ್ಕೆ ಗುಡಿಯಿಲ್ಲ, ಅರ್ಚಕರಿಲ್ಲ, ಕಾಣಿಕೆ ಡಬ್ಬಿಯೂ ಇಲ್ಲ. ಇದರ ದೇವರುಗಳೆಲ್ಲ ವಾಸವಾಗಿರುವುದು ಒಂದು ಚಲನಚಿತ್ರದೊಳಗೆ. ಜಪಾನಿನ ಹಯಾವೊ ಮಿಯಾಜಾಕಿ ಎಂಬವರು 2001ರಲ್ಲಿ ತೆರೆಗೆ ತಂದ ಚಿತ್ರ ಅದು. ಇಂಗ್ಲಿಷಿನಲ್ಲಿ ಅದಕ್ಕೆ ‘ಸ್ಪಿರಿಟೆಡ್ ಅವೇ’ ಎಂದು ಹೆಸರು. 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ, 2003ರಲ್ಲಿ ಅಮೆರಿಕದ ಆಸ್ಕರ್, ಎರಡೂ ಅದಕ್ಕೆ ಬಂದವು. ಬರೆದ ಚಿತ್ರಗಳ ಸಿನಿಮಾ, ಮಕ್ಕಳಿಗೆ ಮಾತ್ರ ಎಂದು ನೀವು ಅದನ್ನು ಬದಿಗಿಡಬಾರದು. ನಮ್ಮಂಥ ಗಡಿನಾಡಿನವರಿಗೆ ಅದರಲ್ಲಿ ಯೋಚಿಸಬೇಕಾದ ಮಾತಿದೆ.

ಜಪಾನಿನ ಹಳೆಯ ಮತಕ್ಕೆ ಶಿಂಟೋ ಎನ್ನುತ್ತಾರೆ. ಅದನ್ನು ಸ್ಥಾಪಿಸಿದವರು ಇಂಥವರೆಂದಿಲ್ಲ. ಬೆಟ್ಟ, ಬಂಡೆ, ಹಳೆಯ ಮರ, ಹರಿಯುವ ನೀರು ಎಲ್ಲದರಲ್ಲಿಯೂ ‘ಕಾಮಿ’ ಇದ್ದಾನೆಂದು ನಂಬಿಕೆ. ಒಟ್ಟು ಎಂಬತ್ತು ಲಕ್ಷ ಕಾಮಿಗಳು ಎಂದು ಅವರ ಮಾತು. ಲೆಕ್ಕ ಹಿಡಿದು ಹೇಳಿದ್ದಲ್ಲ, ಎಣಿಕೆಗೆ ಸಿಗದಷ್ಟು ಎಂದು ಅದರ ಅರ್ಥ. ನಮ್ಮ ಮುಕ್ಕೋಟಿ ದೇವತೆಗಳಂತೆ ಎನ್ನಿ. ಕಾಮಿ ನೆಲೆಸಿದ ಮರಕ್ಕೆ ಹುಲ್ಲಿನ ಹಗ್ಗ ಸುತ್ತಿ ಬಿಳಿ ಕಾಗದ ಕಟ್ಟುತ್ತಾರೆ. ಆ ಮರಕ್ಕೆ ಯಾರೂ ಕೊಡಲಿ ಹಾಕುವುದಿಲ್ಲ. ನಾಗಬನದ ಬಳ್ಳಿ ಮುಟ್ಟಲು ಹೆದರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮತದಲ್ಲಿ ಶುದ್ಧಿಗೆ ಬಹಳ ಮಹತ್ತ್ವ. ಕ್ರಿ.ಶ. 712ರ ‘ಕೊಜಿಕಿ’ ಎಂಬ ಗ್ರಂಥದಲ್ಲಿ ಇಜನಾಗಿ ದೇವರು ಸತ್ತವರ ಲೋಕಕ್ಕೆ ಹೋಗಿ ಬಂದು ನದಿಯಲ್ಲಿ ಮೀಯುತ್ತಾನೆ. ಎಡಗಣ್ಣು ತೊಳೆದಾಗ ಸೂರ್ಯದೇವಿ ಹುಟ್ಟಿದಳು, ಬಲಗಣ್ಣು ತೊಳೆದಾಗ ಚಂದ್ರ ಹುಟ್ಟಿದ ಎಂದು ಕಥೆ. ನಾಗಾನೊ ಪ್ರಾಂತದ ಕೆಲವು ಬೆಟ್ಟದ ಹಳ್ಳಿಗಳಲ್ಲಿ ಇಂದಿಗೂ ಡಿಸೆಂಬರ್ ಚಳಿಯಲ್ಲಿ ಒಲೆಯ ಮೇಲೆ ದೊಡ್ಡ ಹಂಡೆಯಿಟ್ಟು ನೀರು ಕಾಯಿಸಿ, ದೇಶದ ದೇವರುಗಳನ್ನೆಲ್ಲ ಸ್ನಾನಕ್ಕೆ ಕರೆಯುವ ಹಬ್ಬವಿದೆ. ಮುಖವಾಡ ತೊಟ್ಟವರು ಹಂಡೆಯ ಸುತ್ತ ಕುಣಿಯುತ್ತಾರೆ.

ಇಂಥ ಆಚರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಿಯಾಜಾಕಿ ಅವರು ತಮ್ಮದೇ ಒಂದು ದೇವಲೋಕ ಕಟ್ಟಿದರು. ಅದೊಂದು ಬಿಸಿನೀರಿನ ದೊಡ್ಡ ಸ್ನಾನಗೃಹ. ದುಡಿದು ದಣಿದ ದೇವರುಗಳು ರಾತ್ರಿ ದೋಣಿಯಲ್ಲಿ ಬಂದು ಅಲ್ಲಿ ಮಿಂದು, ಉಂಡು, ಹಣ ಕೊಟ್ಟು ಹೋಗುತ್ತಾರೆ. ಮೂಲಂಗಿಯ ದೇವರು ಇದ್ದಾನೆ, ಕೋಳಿಮರಿಗಳ ರೂಪದ ದೇವರುಗಳಿದ್ದಾರೆ, ಮುಖವೇ ಇಲ್ಲದ ಒಂದು ಭೂತವಿದೆ. ಇವರಲ್ಲಿ ಹೆಚ್ಚಿನವರು ಯಾವ ಪುರಾಣದಲ್ಲಿಯೂ ಇಲ್ಲ. ಯಜಮಾನಿ ಯುಬಾಬಾ ಎಂಬ ಮಾಟಗಾತಿ ಮುದುಕಿ.

ಹತ್ತು ವರ್ಷದ ಚಿಹಿರೊ ಎಂಬ ಹುಡುಗಿ ತಂದೆತಾಯಿಯರೊಂದಿಗೆ ದಾರಿ ತಪ್ಪಿ ಅಲ್ಲಿಗೆ ಬರುತ್ತಾಳೆ. ದೇವರಿಗಿಟ್ಟ ಊಟವನ್ನು ಕೇಳದೆ ಉಂಡ ತಂದೆತಾಯಿ ಹಂದಿಗಳಾಗುತ್ತಾರೆ. ಅವರನ್ನು ಬಿಡಿಸಿಕೊಳ್ಳಲು ಹುಡುಗಿ ಅಲ್ಲೇ ಕೆಲಸಕ್ಕೆ ಸೇರಬೇಕು.

ಒಂದು ರಾತ್ರಿ ಮೈತುಂಬ ಕೊಳೆ ಮೆತ್ತಿದ, ದುರ್ನಾತದ ದೇವರೊಬ್ಬ ಬರುತ್ತಾನೆ. ಉಳಿದವರೆಲ್ಲ ಮೂಗು ಮುಚ್ಚಿಕೊಂಡರೆ, ಮೀಯಿಸುವ ಕೆಲಸ ಈ ಹುಡುಗಿಯ ಪಾಲಿಗೆ. ಅವನ ಪಕ್ಕೆಯಲ್ಲಿ ಮುಳ್ಳಿನಂತೆ ಏನೋ ಚುಚ್ಚಿಕೊಂಡಿದೆ. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರೆ ಹೊರಬಂದದ್ದು ಒಂದು ತುಕ್ಕು ಹಿಡಿದ ಸೈಕಲ್! ಅದರ ಹಿಂದೆ ರಾಶಿ ರಾಶಿ ಕಸ. ಆಗ ತಿಳಿಯುತ್ತದೆ, ಬಂದವನು ಒಬ್ಬ ನದಿದೇವರು. ಮಿಯಾಜಾಕಿ ಅವರು ಊರವರೊಂದಿಗೆ ನದಿ ತೊಳೆಯಲು ಹೋದಾಗ ನೀರಿನಿಂದ ನಿಜವಾಗಿಯೂ ಸೈಕಲ್ ಎಳೆದು ತೆಗೆದಿದ್ದರು.

ಇನ್ನು ಹೆಸರಿನ ವಿಚಾರ. ಕೆಲಸದ ಕರಾರಿಗೆ ಹುಡುಗಿ ರುಜು ಹಾಕಿದ ಕೂಡಲೇ ಮುದುಕಿ ಕಾಗದದ ಮೇಲಿನ ಅಕ್ಷರಗಳನ್ನು ಕಿತ್ತುಕೊಳ್ಳುತ್ತಾಳೆ. ಚಿಹಿರೊ ಎಂಬುದರಲ್ಲಿ ಎರಡು ಅಕ್ಷರಗಳು. ಮೊದಲನೆಯದಕ್ಕೆ ಸಾವಿರ ಎಂದರ್ಥ. ಎರಡನೆಯದು ‘ಹಿರೊ’, ಎರಡೂ ಕೈ ಚಾಚಿದಷ್ಟು ಉದ್ದ, ನಮ್ಮ ಮಾರು. ಸಾವಿರ ಮಾರು ಆಳ ಎಂಬ ಹೆಸರಿನಿಂದ ಮಾರು ಹೋಗಿ ಬರೀ ಸಾವಿರ ಉಳಿಯಿತು. ಅದನ್ನು ಒಂಟಿಯಾಗಿ ಓದಿದರೆ ‘ಸೆನ್’. ಇಂದಿನಿಂದ ನೀನು ಸೆನ್ ಎಂದು ಅಪ್ಪಣೆಯಾಗುತ್ತದೆ. ಸ್ವಂತ ಹೆಸರು ಮರೆತವರಿಗೆ ಮನೆಯ ದಾರಿ ಸಿಗುವುದಿಲ್ಲ ಎಂಬುದು ಆ ಲೋಕದ ಕಟ್ಟಳೆ. ಅವಳಿಗೆ ನೆರವಾಗುವ ಹಾಕು ಎಂಬ ಹುಡುಗನೂ ಹೀಗೆಯೇ ಹೆಸರು ಕಳೆದುಕೊಂಡವನು. ಅವನು ಕೊಹಾಕು ಎಂಬ ನದಿಯ ದೇವರು. ನದಿಯನ್ನು ಮುಚ್ಚಿ ಅದರ ಮೇಲೆ ವಸತಿ ಕಟ್ಟಡಗಳನ್ನು ಎಬ್ಬಿಸಿದ್ದಾರೆ. ಚಿಹಿರೊ ಎಳವೆಯಲ್ಲಿ ಆ ನದಿಗೆ ಬಿದ್ದು ಬದುಕಿದವಳು. ನದಿಯ ಹೆಸರು ಅವಳಿಗೆ ನೆನಪಾಗಿ ಬಾಯಿಬಿಟ್ಟು ಹೇಳಿದಾಗ ಅವನ ಕಟ್ಟು ಬಿಡುತ್ತದೆ.

ಕೇಳುಗರೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಹೆಸರಿನ ಅಕ್ಷರ ಹೋದರೆ ಏನಾಗುತ್ತದೆಂದು ಕೌಂಟರಿನ ಒಳಗಿನಿಂದ ನೋಡಿದ್ದೇನೆ. ನಮ್ಮ ಕಡೆಯ ಒಬ್ಬ ಮುದುಕಿ ಪಾಸ್‌ಬುಕ್ಕಿನಲ್ಲಿ ದೇವಕು, ರೇಶನ್ ಕಾರ್ಡಿನಲ್ಲಿ ದೇವಕಿ, ತೀರ್ವೆ ರಶೀದಿಯಲ್ಲಿ ಇನ್ನೇನೋ. ಬರೆದವರಿಗೆ ಅವರವರ ಭಾಷೆಯಲ್ಲಿ ಸರಿಕಂಡದ್ದನ್ನು ಅವರು ಬರೆದಿದ್ದರು, ದ್ವೇಷದಿಂದಲ್ಲ. ಆಕೆ ತೀರಿಕೊಂಡ ಮೇಲೆ ಠೇವಣಿಯ ಹಣಕ್ಕಾಗಿ ಮಗ ಬಂದ. ಎರಡೂ ಹೆಸರು ಒಬ್ಬರದೇ ಎಂಬ ಸರ್ಟಿಫಿಕೇಟಿಗಾಗಿ ಕೂಲಿ ಬಿಟ್ಟು ಎಷ್ಟೋ ದಿನ ಅಲೆದ. ಕೊನೆಗೆ ಹಣ ಸಿಕ್ಕಿತು. ಆದರೆ, ‘ಅಮ್ಮನನ್ನು ದೇವಕಿ ಎಂದು ಯಾರೂ ಕರೆದೇ ಇರಲಿಲ್ಲ ಸಾರ್’ ಎಂದು ಅವನು ಹೇಳಿದ್ದು ನನ್ನ ಕಿವಿಯಲ್ಲಿ ಉಳಿದಿದೆ.

ಊರುಗಳಿಗೂ ಹೀಗೆಯೇ. 1956ರಲ್ಲಿ ರಾಜ್ಯಗಳ ಗಡಿ ಬದಲಾದ ಮೇಲೆ ನಾವು ಮಂಜೇಶ್ವರ ಎಂದದ್ದು ಹಲಗೆಯಲ್ಲಿ ಮಂಜೇಶ್ವರಂ, ಕುಂಬಳೆ ಎಂದದ್ದು ಕುಂಬಳ. ಮಲೆಯಾಳ ಮಾತಾಡುವ ನೆರೆಯವರು ತಮ್ಮ ನಾಲಗೆಗೆ ಒಗ್ಗಿದಂತೆ ಕರೆಯುವುದು ತಪ್ಪಲ್ಲ. ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಬರುವ ಹೊಳೆ ಕಡಲು ಸೇರುವಾಗ ಚಂದ್ರಗಿರಿ. ಎರಡು ಹೆಸರಿದ್ದರೆ ಹೊಳೆಗೆ ನಷ್ಟವಿಲ್ಲ. ಒಂದು ಹೆಸರನ್ನು ಹೇಳುವವರೇ ಇಲ್ಲವಾದರೆ ಮಾತ್ರ ನಷ್ಟ. ಅದು ನಮ್ಮ ಮನೆಯೊಳಗೇ ಆಗುವ ನಷ್ಟ.

ಕಲ್ಪನೆಯ ದೇವರುಗಳಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಇದೇ ಮಿಯಾಜಾಕಿ ಅವರು 1988ರಲ್ಲಿ ‘ತೊತೊರೊ’ ಎಂಬ ಕಾಡಿನ ಭೂತವೊಂದನ್ನು ಸೃಷ್ಟಿಸಿದ್ದರು. ಟೋಕಿಯೊ ಪಕ್ಕದ ಸಯಾಮಾ ಗುಡ್ಡಗಳಲ್ಲಿ ಮರ ಕಡಿದು ಮನೆ ಕಟ್ಟುವ ಕೆಲಸ ಜೋರಾದಾಗ, 1990ರಲ್ಲಿ ಅಲ್ಲಿಯ ಜನ ಆ ಭೂತದ ಹೆಸರಿನಲ್ಲಿ ನಿಧಿ ಆರಂಭಿಸಿದರು. 1991ರಲ್ಲಿ ಮೊದಲ ತುಂಡು ಕಾಡು ಕೊಂಡರು. ಈಗ ಅಂಥ 50ಕ್ಕೂ ಹೆಚ್ಚು ತುಂಡುಗಳು ‘ತೊತೊರೊ ಕಾಡು’ ಎಂಬ ಹೆಸರಿನಲ್ಲಿ ಉಳಿದಿವೆ. ದೇವರು ಕಲ್ಪನೆಯವನಾದರೂ ಮರಗಳು ನಿಜವಾದವು.

ನಮಗಾದರೋ ಹೊಸ ದೇವರು ಬೇಕಾಗಿಲ್ಲ. ಗುಳಿಗನ ಕಟ್ಟೆ ಇದೆ, ಬನ ಇದೆ, ತೋಡು ಇದೆ. ನಿಮ್ಮ ಮನೆಯ ಹಿಂದಿನ ತೋಡಿಗೆ, ಗುಡ್ಡೆಗೆ, ಗದ್ದೆಗೆ ಅಜ್ಜ ಅಜ್ಜಿ ಇಟ್ಟ ಹೆಸರೇನೆಂದು ಗೊತ್ತಿದ್ದರೆ ಈ ವಾರವೇ ಮಕ್ಕಳಿಗೆ ಹೇಳಿ. ಗೊತ್ತಿಲ್ಲವಾದರೆ ನೆರೆಯ ಹಿರಿಯರನ್ನು ಕೇಳಿ, ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. ಜೊತೆಗೆ ಗುಮಾಸ್ತನ ಒಂದು ಬುದ್ಧಿಮಾತು: ನಿಮ್ಮ ಪಾಸ್‌ಬುಕ್, ರೇಶನ್ ಕಾರ್ಡು, ಆಧಾರ್ ಮೂರನ್ನೂ ಎದುರಿಗಿಟ್ಟು ಹೆಸರು ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲವಾದರೆ ನೀವಿರುವಾಗಲೇ ಸರಿಮಾಡಿಸಿ.