ಬೀಗ ಹಾಕದ ಬಾಗಿಲುಗಳ ಊರು



ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಚರ್ಚಿಲ್ ಎಂಬ ಪುಟ್ಟ ಊರಿದೆ. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 900ನ್ನೂ ಮುಟ್ಟುವುದಿಲ್ಲ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ರೈಲಿನಲ್ಲೋ ವಿಮಾನದಲ್ಲೋ ಹೋಗಬೇಕು. ಅಲ್ಲಿನ ಜನರಿಗೆ ಒಂದು ರೂಢಿಯಿದೆ: ನಿಲ್ಲಿಸಿದ ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲ. ಬೀದಿಯ ತಿರುವಿನಲ್ಲಿ ಹಿಮಕರಡಿ ಎದುರಾದರೆ, ಓಡಿಬಂದವರಿಗೆ ಹೊಕ್ಕು ಕೂರಲು ಒಂದು ಜಾಗ ಬೇಕಲ್ಲ!

ಕರಡಿಗೆ ಊರಿನ ಹತ್ತಿರ ಏನು ಕೆಲಸ ಎಂದು ನೀವು ಕೇಳಬಹುದು. ಹಿಮಕರಡಿಯ ಮುಖ್ಯ ಆಹಾರ ಸೀಲ್. ಅದನ್ನು ಹಿಡಿಯಲು ಕಡಲಿನ ಮೇಲೆ ಮಂಜುಗಡ್ಡೆಯ ಹಾಸು ಇರಬೇಕು. ಬೇಸಿಗೆಯಲ್ಲಿ ಕೊಲ್ಲಿಯ ಮಂಜು ಕರಗಿದಾಗ ಕರಡಿಗಳು ದಡ ಸೇರಿ, ಮೈಯ ಕೊಬ್ಬನ್ನೇ ನಂಬಿ, ತಿಂಗಳುಗಟ್ಟಲೆ ಹೆಚ್ಚುಕಡಿಮೆ ಉಪವಾಸವಿರುತ್ತವೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ನೀರು ಮತ್ತೆ ಹೆಪ್ಪುಗಟ್ಟುವುದನ್ನು ಕಾಯುತ್ತ ಚರ್ಚಿಲ್ ಸುತ್ತ ಸುಳಿಯುತ್ತವೆ. ಪ್ರವಾಸಿಗರು ಬರುವುದೂ ಆಗಲೇ. ನಾಲ್ಕೈದು ನೂರು ಕಿಲೋ ತೂಗುವ ಗಂಡು ಕರಡಿ ಎದ್ದು ನಿಂತರೆ ಯಾರಿಗಾದರೂ ಉಸಿರು ನಿಲ್ಲುತ್ತದೆ.

ದೂರದಿಂದ ಮೆಚ್ಚುವುದು ಸುಲಭ, ನೆರೆಯಲ್ಲಿ ಬಾಳುವುದು ಕಷ್ಟ. ಹಿಂದೆ ಊರಿನ ತೆರೆದ ಕಸದ ಗುಂಡಿಗೆ ಕರಡಿಗಳು ಮುಗಿಬೀಳುತ್ತಿದ್ದವು. ಊರೊಳಗೆ ನುಗ್ಗಿದವಕ್ಕೆ ಹೆಚ್ಚಾಗಿ ಗುಂಡೇ ಉತ್ತರವಾಗಿತ್ತು. 1980ರ ದಶಕದ ಆರಂಭದಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಸರ್ಕಾರ ಬೇರೆ ದಾರಿ ಹಿಡಿಯಿತು. ಸೈನ್ಯದ ಹಳೆಯ ಕಟ್ಟಡವೊಂದು ಕರಡಿಗಳ ಸೆರೆಮನೆಯಾಯಿತು. ಅಲ್ಲಿ ಸಾಮಾನ್ಯವಾಗಿ ನೀರು ಮಾತ್ರ, ಊಟವಿಲ್ಲ. ಕ್ರೌರ್ಯವೆನಿಸಬಹುದು, ಆದರೆ ಮನುಷ್ಯನಿದ್ದಲ್ಲಿ ಊಟವಿದೆ ಎಂದು ಒಮ್ಮೆ ಕಲಿತ ಕರಡಿ ಮರಳಿ ಬರುತ್ತದೆ, ಕೊನೆಗೆ ಗುಂಡಿಗೆ ಬಲಿಯಾಗುತ್ತದೆ. ಕೆಲವು ದಿನಗಳ ನಂತರ ಹೆಲಿಕಾಪ್ಟರಿನಲ್ಲಿ ಅದನ್ನು ಊರಿಂದ ದೂರ ಬಿಟ್ಟುಬರುತ್ತಾರೆ. 2005ರಲ್ಲಿ ಕಸದ ಗುಂಡಿಯನ್ನೂ ಮುಚ್ಚಿದರು.

ಇಷ್ಟಾದರೂ ಅಪಾಯ ತಪ್ಪಿಲ್ಲ. 1983ರಲ್ಲಿ, ಸುಟ್ಟುಹೋದ ಹೋಟೆಲಿನಿಂದ ಮಾಂಸ ಎತ್ತಿಕೊಂಡು ಹೊರಟವನೊಬ್ಬನನ್ನು ಕರಡಿ ಕೊಂದಿತು. 2013ರ ನವೆಂಬರ್ 1ರ ನಸುಕಿನಲ್ಲಿ ಒಬ್ಬ ಯುವತಿಯ ಮೇಲೆ ಎರಗಿತು. ಸಮೀಪದ ಮನೆಯ ವೃದ್ಧರೊಬ್ಬರು ಸಲಿಕೆ ಹಿಡಿದು ಹೊರಬಂದು ಅದಕ್ಕೆ ಹೊಡೆದರು. ಅವರಿಗೂ ಗಾಯಗಳಾದವು. ಇಬ್ಬರೂ ಬದುಕಿದರು, ಆ ಕರಡಿಯನ್ನು ಗುಂಡಿಕ್ಕಿ ಕೊಂದರು. ನೆರೆಹೊರೆ ತಪ್ಪಿದರೆ ಎರಡು ಕಡೆಯೂ ನಷ್ಟವೇ.

ಈಗ ದೊಡ್ಡ ಚಿಂತೆ ಮಂಜಿನದು. 1980ರ ದಶಕಕ್ಕೆ ಹೋಲಿಸಿದರೆ ಕೊಲ್ಲಿಯಲ್ಲಿ ಮಂಜಿಲ್ಲದ ಕಾಲ ಸುಮಾರು ಮೂರು ವಾರ ಹೆಚ್ಚಿದೆ. ಅಷ್ಟು ದಿನ ಉಪವಾಸವೂ ಹೆಚ್ಚು, ಊರಿನತ್ತ ಸುಳಿಯುವ ಸಂಭವವೂ ಹೆಚ್ಚು. ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳ ಅಂದಾಜು ಸಂಖ್ಯೆ 1987ರಲ್ಲಿ ಸುಮಾರು 1,200 ಇತ್ತು. 2016ರಲ್ಲಿ 842, 2021ರಲ್ಲಿ 618. ಅವನ್ನು ನೋಡಿ ಬೆರಗಾಗಲು ನಾವು ಏರುವ ವಿಮಾನದ ಹೊಗೆಗೂ ಆ ಮಂಜನ್ನು ಕರಗಿಸುವುದರಲ್ಲಿ ಪಾಲಿದೆ.

ಹಿಮಕರಡಿ ಮನುಷ್ಯನಿಂದ ಮುದ್ದನ್ನು ಬೇಡುವುದಿಲ್ಲ. ಅದಕ್ಕೆ ಬೇಕಾದದ್ದು ಎರಡೇ: ನಮ್ಮಿಂದ ಒಂದಿಷ್ಟು ಅಂತರ, ಕಾಲಿನ ಕೆಳಗೆ ಮಂಜು. ಅಂತರ ಕಾಯುವುದನ್ನು ಚರ್ಚಿಲ್‌ನ ಜನ ಕಷ್ಟಪಟ್ಟು ಕಲಿತರು. ಮಂಜನ್ನು ಕಾಯುವುದು ಅವರೊಬ್ಬರ ಕೈಯಲ್ಲಿಲ್ಲ.