ಶುಗರ್ ಎಷ್ಟು ಅಂತ ಕೇಳುವ ಗೆಳೆಯರು

(ಈ ವರ್ಷದ ಸಹಾಯಾರ್ಥ ಸಂಜೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಸಮಿತಿಯವರು ನನ್ನ ಮಾತನ್ನು ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ ಇಟ್ಟಿದ್ದಾರೆ. ಅಡುಗೆಮನೆಯಿಂದ ಹೋಳಿಗೆಯ ಘಮ ಬರುತ್ತಿರುವಾಗ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡು ಅಂದರೆ ಅದು ಮಾತಾಡುವವನಿಗೂ ಕಷ್ಟ, ಕೇಳುವವರಿಗೂ ಕಷ್ಟ. ಇನ್ನೊಂದು ಮಾತು, ನಾನು ಡಾಕ್ಟರಲ್ಲ. ಈ ಸಭೆಯಲ್ಲಿ ಡಾಕ್ಟರುಗಳು ಹತ್ತು ಜನವಾದರೂ ಇದ್ದೀರಿ. ನಾನು ತಪ್ಪು ಹೇಳಿದರೆ ಊಟದ ಸಾಲಿನಲ್ಲಿ ಹಿಡಿದುಕೊಳ್ಳಿ. ನಾನು ಮಿಷಿಗನ್ನಿನಲ್ಲಿ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ರೋಗಿಯಾಗಿ, ರೋಗಿಗಳ ಮಗನಾಗಿ ಬಲ್ಲಷ್ಟನ್ನು ಮಾತ್ರ ಹೇಳುತ್ತೇನೆ.

ನಮ್ಮಮ್ಮನಿಗೆ ಶುಗರ್ ಬಂದು ಇಪ್ಪತ್ತೆರಡು ವರ್ಷ. ಅಪ್ಪನಿಗೆ ಹದಿನೈದು ವರ್ಷ, ಜೊತೆಗೆ ಹೃದಯಕ್ಕೊಂದು ಸ್ಟೆಂಟು. ನನ್ನ ಹೆಂಡತಿಗೆ ಎರಡನೇ ಬಸಿರಿನಲ್ಲಿ ಕಾಣಿಸಿಕೊಂಡು ಹೆರಿಗೆಯಾದ ಮೇಲೆ ಹೋಯಿತು. ಹಾಗೆ ಬಂದು ಹೋದವರಿಗೆ ಮುಂದೆ ತಿರುಗಿ ಬರುವ ಸಂಭವ ಹೆಚ್ಚು, ಆದ್ದರಿಂದ ಅವಳೂ ತಪ್ಪದೆ ಪರೀಕ್ಷೆ ಮಾಡಿಸುತ್ತಾಳೆ. ನನಗೆ ಆರು ವರ್ಷದ ಹಿಂದೆ, ನಲವತ್ತೊಂದನೇ ವಯಸ್ಸಿನಲ್ಲಿ, ವರ್ಷದ ತಪಾಸಣೆಯಲ್ಲಿ ಗೊತ್ತಾಯಿತು. ದಪ್ಪ ಮನುಷ್ಯನೇನಲ್ಲ. ನಮ್ಮ ಕಡೆಯವರ ವಿಷಯದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಡಯಾಬಿಟಿಸ್ ಸಂಘ 2015ರಲ್ಲೇ ಹೇಳಿತು: ಉಳಿದವರಿಗೆ ಬಿಎಮ್‌ಐ 25 ದಾಟಿದರೆ ಪರೀಕ್ಷೆ ಮಾಡಿ, ಏಷ್ಯಾ ಮೂಲದವರಿಗಾದರೆ 23ಕ್ಕೇ ಮಾಡಿ ಎಂದು. ಐದು ಅಡಿ ಏಳು ಅಂಗುಲದವನಿಗೆ 25 ಅಂದರೆ ಸುಮಾರು 160 ಪೌಂಡು, 23 ಅಂದರೆ 147. ನಿಮ್ಮ ಸುತ್ತ ಒಮ್ಮೆ ನೋಡಿ. ಬೇಡ, ಪಕ್ಕದಲ್ಲಿ ಕೂತಿರುವವರನ್ನು ನೋಡಬೇಡಿ, ಜಗಳವಾಗುತ್ತದೆ.

ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಇಂಡಿಯಾದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಡಯಾಬಿಟಿಸ್ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇಷ್ಟು ಜನಕ್ಕಿರುವ ಕಾಯಿಲೆಯನ್ನು ನಾವು ಗುಟ್ಟು ಮಾಡುವುದು ಏಕೆ ಎನ್ನುವುದೇ ನನಗೆ ಆಶ್ಚರ್ಯ. ಬಿ.ಪಿ. ಇದೆ ಎಂದು ಹೆಮ್ಮೆಯಿಂದ ಹೇಳುತ್ತೇವೆ, ಆಫೀಸಿನಲ್ಲಿ ಬಹಳ ಜವಾಬ್ದಾರಿ ಇದೆ ಎನ್ನುವ ಹಾಗೆ. ಶುಗರ್ ಮಾತ್ರ ಹೇಳುವುದಿಲ್ಲ. ಪಾಟ್‌ಲಕ್ಕಿನಲ್ಲಿ ಪಾಯಸ ಬಡಿಸಲು ಬಂದರೆ "ಗಂಟಲು ಸರಿಯಿಲ್ಲ" ಅನ್ನುತ್ತೇವೆ. ಮನೆಯಾಕೆ ಒತ್ತಾಯ ಮಾಡುತ್ತಾರೆ, ನಾವು ತಿನ್ನುತ್ತೇವೆ. ಇದು ನಮ್ಮ ಉಪಚಾರದ ರೀತಿ, ಬೇಡ ಅಂದವರಿಗೇ ಎರಡು ಸೌಟು ಜಾಸ್ತಿ.

ನನ್ನ ಅದೃಷ್ಟಕ್ಕೆ ನಾವು ಆರು ಜನ ಗೆಳೆಯರಿದ್ದೇವೆ. ಇಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದವರು. ಈಗ ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಸಿಂಗಪುರದಲ್ಲಿ, ಒಬ್ಬ ಡಲ್ಲಾಸಿನಲ್ಲಿ, ಒಬ್ಬ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ನಾನಿಲ್ಲಿ. ಆರರಲ್ಲಿ ನಾಲ್ವರಿಗೆ ಶುಗರ್. ಆರೂ ಮನೆಯ ಅಪ್ಪ-ಅಮ್ಮಂದಿರಲ್ಲಿ ಒಬ್ಬರಿಗಾದರೂ ಇದೆ. ಎರಡು ವಾರಕ್ಕೊಮ್ಮೆ, ಬೇಸಿಗೆಯಲ್ಲಾದರೆ ಇಲ್ಲಿನ ಶನಿವಾರ ರಾತ್ರಿ ಒಂಬತ್ತೂವರೆಗೆ, ಫೋನಿನ ಪರದೆಯ ಮೇಲೆ ಸೇರುತ್ತೇವೆ. ಬೆಂಗಳೂರಿನವರಿಗೆ ಅದು ಭಾನುವಾರ ಬೆಳಗಿನ ಏಳು ಗಂಟೆ. ಒಬ್ಬ ಲಾಲ್‌ಬಾಗಿನಲ್ಲಿ ನಡೆಯುತ್ತಲೇ ಮಾತಾಡುತ್ತಾನೆ, ನಮಗೆ ಅವನ ಮುಖಕ್ಕಿಂತ ಮರಗಳೇ ಹೆಚ್ಚು ಕಾಣಿಸುತ್ತವೆ. ಮೊದಲ ಅರ್ಧ ಗಂಟೆ ಕ್ರಿಕೆಟ್, ರಾಜಕೀಯ, ಯಾರ ಕೂದಲು ಎಷ್ಟು ಹೋಯಿತು ಎಂಬ ವಿಚಾರ. ಆಮೇಲೆ ಒಬ್ಬೊಬ್ಬರೂ ಅವರವರ ಶುಗರ್ ಹೇಳುತ್ತಾರೆ.

ಎಚ್‌ಬಿಎ1ಸಿ ಎನ್ನುವ ಪರೀಕ್ಷೆಯ ಬಗ್ಗೆ ಎರಡು ಮಾತು. ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಆ ಕಣದ ಹಿಮೋಗ್ಲೋಬಿನ್ನಿಗೆ ಅದು ಹೆಚ್ಚು ಅಂಟಿಕೊಳ್ಳುತ್ತದೆ, ಅಂಟಿದ್ದು ಬಿಡುವುದಿಲ್ಲ. ಹಾಗಾಗಿ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. 5.7ರ ಕೆಳಗಿದ್ದರೆ ಸರಿ, 6.5 ಮತ್ತು ಮೇಲಾದರೆ ಡಯಾಬಿಟಿಸ್, ನಡುವಿನದು ಎಚ್ಚರಿಕೆಯ ಗಂಟೆ. ನಮ್ಮ ಡಲ್ಲಾಸಿನವನು ಪರೀಕ್ಷೆಗೆ ಮುಂಚೆ ಎರಡು ದಿನ ಬರೀ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಖಾಲಿ ಹೊಟ್ಟೆಯ ಶುಗರ್ ಚಿನ್ನದ ಹಾಗಿರುತ್ತಿತ್ತು. ಎಚ್‌ಬಿಎ1ಸಿ ಮಾತ್ರ ಅವನು ಮೂರು ತಿಂಗಳು ತಿಂದ ಎಲ್ಲವನ್ನೂ ಒಪ್ಪಿಸಿಬಿಡುತ್ತಿತ್ತು. ಸರ್ವರಿನ ಲಾಗ್ ಇದ್ದ ಹಾಗೆ, ಕೊನೆಯ ಎರಡು ದಿನ ಶಿಸ್ತಾಗಿದ್ದರೆ ಹಿಂದಿನದು ಅಳಿಸಿ ಹೋಗುವುದಿಲ್ಲ.

ಗೆಳೆಯರಿಗೂ ಡಾಕ್ಟರಿಗೂ ಏನು ವ್ಯತ್ಯಾಸ? ಡಾಕ್ಟರಿಗೆ ನಮ್ಮ ರಕ್ತ ಗೊತ್ತು, ಗೆಳೆಯರಿಗೆ ನಮ್ಮ ನಾಲಿಗೆ ಗೊತ್ತು. ಇಲ್ಲಿನ ಡಯಟಿಷಿಯನ್ನಮ್ಮ ನನಗೆ ಕೊಟ್ಟ ಪಟ್ಟಿಯಲ್ಲಿ ಸಾಲ್ಮನ್ ಮೀನು, ಟರ್ಕಿ, ಓಟ್‌ಮೀಲ್ ಇದ್ದವು. ಅನ್ನ ಸಾರು ಎಲ್ಲಿಯೂ ಇರಲಿಲ್ಲ. ಅದನ್ನು ಬಿಸಿಬೇಳೆಬಾತಿನ ಭಾಷೆಗೆ ಇಳಿಸಿದವರು ಗೆಳೆಯರು ಮತ್ತು ಅವರ ಮನೆಯವರು. ಉದಾಹರಣೆಗೆ, ನಮ್ಮವರಲ್ಲಿ ರಾಗಿಯ ಮೇಲೆ ಅಪಾರ ಭಕ್ತಿ. ಶುಗರ್ ಇದ್ದವರು ಮುದ್ದೆ ಎಷ್ಟು ಬೇಕಾದರೂ ನುಂಗಬಹುದು ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ರಾಗಿ ಒಳ್ಳೆಯದೇ, ನಾರಿದೆ, ಸುಣ್ಣದ ಅಂಶ ಬಹಳ ಇದೆ. ಆದರೆ ನೂರು ಗ್ರಾಂ ರಾಗಿಯಲ್ಲೂ ಹೆಚ್ಚುಕಡಿಮೆ 70 ಗ್ರಾಂ ಪಿಷ್ಟವೇ. ಫ್ರೀಮಾಂಟಿನವನು ಮಂಡ್ಯದ ಕಡೆಯವನು, ಈ ಮಾತನ್ನು ಒಪ್ಪಲಿಲ್ಲ. ಸರಿ, ಒಂದು ಭಾನುವಾರ ದೊಡ್ಡ ಮುದ್ದೆ, ಇನ್ನೊಂದು ಭಾನುವಾರ ಚಿಕ್ಕ ಮುದ್ದೆ ಜೊತೆಗೆ ದೊಡ್ಡ ಬಟ್ಟಲು ಸೊಪ್ಪಿನ ಹುಳಿ ಉಂಡು, ಎರಡು ಗಂಟೆ ಬಿಟ್ಟು ಮೀಟರಿನಲ್ಲಿ ನೋಡು ಅಂದೆವು. ನೋಡಿದ. ಆಮೇಲೆ ವಾದ ಮಾಡಲಿಲ್ಲ. ಬೆಲ್ಲದ ಕಥೆಯೂ ಅಷ್ಟೇ, ರಕ್ತಕ್ಕೆ ಹೋದ ಮೇಲೆ ಅದೂ ಸಕ್ಕರೆಯೇ. ಕೋಸಂಬರಿ, ಪಲ್ಯ ಮೊದಲು ತಿಂದು ಅನ್ನವನ್ನು ಕೊನೆಗೆ ಸ್ವಲ್ಪ ಉಂಡರೆ ಶುಗರ್ ಅಷ್ಟು ಎತ್ತರಕ್ಕೆ ಹಾರುವುದಿಲ್ಲ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಇನ್ನೂ ಇಳಿಯುತ್ತದೆ. ನಮ್ಮ ಮಿಷಿಗನ್ನಿನ ಜನವರಿಯಲ್ಲಿ ಎಲ್ಲಿ ನಡೆಯುವುದು ಎಂದು ಕೇಳಬೇಡಿ. ಮಾಲ್ ಇದೆ, ನೆಲಮಾಳಿಗೆ ಇದೆ, ನೆಲಮಾಳಿಗೆಯಲ್ಲಿ ಮಡಿಸಿದ ಬಟ್ಟೆ ಒಣಹಾಕಿರುವ ಟ್ರೆಡ್‌ಮಿಲ್ ಇದೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮಾತ್ರೆಯ ವಿಷಯದಲ್ಲಿ ಯಾರೂ ಯಾರಿಗೂ "ಬಿಡು", "ಬದಲಾಯಿಸು" ಎನ್ನುವ ಹಾಗಿಲ್ಲ. ಹಾಗಲಕಾಯಿ ರಸ, ಮೆಂತ್ಯದ ನೀರು ಯಾರಿಗೆ ಬೇಕೋ ಅವರು ಕುಡಿಯಲಿ, ಮಾತ್ರೆಯ ಬದಲಿಗೆ ಅಲ್ಲ. ಆದರೆ ಡಾಕ್ಟರನ್ನು ಕೇಳು ಎಂದು ದೂಡಬಹುದು. ಡಲ್ಲಾಸಿನವನಿಗೆ ಪಾದದಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಶುಗರಿನಿಂದ ನರ ಹೋಯಿತು ಎಂದುಕೊಂಡು ಬಾಯಿ ಬಿಡದೆ ಇದ್ದ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಿಗೆ ಬಿ12 ಕಡಿಮೆಯಾಗಬಹುದು, ಅದರಲ್ಲೂ ನಮ್ಮಂಥ ಸಸ್ಯಾಹಾರಿಗಳಿಗೆ. ಅದನ್ನು ಪರೀಕ್ಷೆ ಮಾಡಿಸು ಎಂದು ಬೆಂಗಳೂರಿನವನು ಒತ್ತಾಯ ಮಾಡಿದ. ನಿಜವಾಗಿಯೂ ಕಡಿಮೆ ಇತ್ತು.

ಸಿಂಗಪುರದವನ ಕಥೆ ಬೇರೆ. ಅವನು ನಾಲ್ಕು ತಿಂಗಳು ಕರೆಗೆ ಬರಲೇ ಇಲ್ಲ. ಆಫೀಸು, ಮೀಟಿಂಗು, ಮಗನ ಪರೀಕ್ಷೆ ಎಂದು ಏನೇನೋ ಕಾರಣ. ಕೊನೆಗೆ ಬೆಂಗಳೂರಿನ ಗೆಳೆಯ ಒಬ್ಬನೇ ಫೋನು ಮಾಡಿ ಕೂತ. ಅವನ ಕೆಲಸ ಹೋಗಿತ್ತು, ಎಚ್‌ಬಿಎ1ಸಿ 9.4 ಆಗಿತ್ತು. "ನೀವೆಲ್ಲ 6, 7 ಅಂತಿರ್ತೀರ, ನಾನು ಯಾವ ಮುಖ ಇಟ್ಕೊಂಡು 9.4 ಅನ್ನಲಿ?" ಅಂದನಂತೆ. ಆ ಮಾತು ನಮಗೆಲ್ಲ ನಾಟಿತು. ಅಂದಿನಿಂದ ಸಂಖ್ಯೆ ಹೇಳಲೇಬೇಕೆಂಬ ಪದ್ಧತಿ ನಿಂತಿತು. ಹೇಳುವವರು ಹೇಳಬಹುದು, ಇಲ್ಲದವರು ಕ್ರಿಕೆಟ್ ಮಾತಾಡಿ ಎದ್ದು ಹೋಗಬಹುದು. ಬಂದು ಕೂರುವುದು ಮಾತ್ರ ಕಡ್ಡಾಯ. ಅವನು ಬಂದ, ಒಂದು ವರ್ಷದಲ್ಲಿ 7.1ಕ್ಕೆ ಇಳಿದ. ಕೆಲಸ ಸಿಕ್ಕಿದ್ದೂ ಇದಕ್ಕೆ ಕಾರಣ, ಎಲ್ಲ ಪುಣ್ಯವನ್ನೂ ನಾವೇ ತೆಗೆದುಕೊಳ್ಳುವುದಿಲ್ಲ.

ಈಗ ನಮ್ಮೆಲ್ಲರ ಎದೆಯಲ್ಲಿರುವ ಭಯದ ಮಾತಿಗೆ ಬರುತ್ತೇನೆ. ರಾತ್ರಿ ಊರಿನಿಂದ ಬರುವ ಫೋನು. ಎರಡು ವರ್ಷದ ಹಿಂದೆ ಒಂದು ಸಂಜೆ ಎಂಟು ಗಂಟೆಗೆ, ತುಮಕೂರಿನಲ್ಲಿ ಬೆಳಗಿನ ಐದೂವರೆಗೆ, ಅಮ್ಮ ಫೋನು ಮಾಡಿದರು. "ಅಪ್ಪ ಏನೇನೋ ಮಾತಾಡ್ತಿದ್ದಾರೆ ಕಣೋ, ಮೈಯೆಲ್ಲ ಬೆವರು, ನನ್ನ ಗುರುತೇ ಸಿಗ್ತಿಲ್ಲ." ಎರಡು ದಿನದಿಂದ ಜ್ವರ, ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ, ಆದರೆ ಗ್ಲಿಮೆಪಿರೈಡ್ ಮಾತ್ರೆ ಎಂದಿನಂತೆ ನುಂಗಿದ್ದರು. ಮೀಟರಿನಲ್ಲಿ 46. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಅಪಾಯ. ನಾನು ಅಮ್ಮನ ಜೊತೆ ಲೈನಿನಲ್ಲಿದ್ದೆ; ಹೆಂಡತಿ ಇನ್ನೊಂದು ಫೋನಿನಲ್ಲಿ ಬೆಂಗಳೂರಿನ ಗೆಳೆಯನಿಗೆ ಹೇಳಿದಳು. ಅವನ ತಂಗಿಯ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಎಚ್ಚರವಿದೆಯೇ, ನುಂಗಬಲ್ಲರೇ ಎಂದು ಮೊದಲು ನೋಡಿಕೊಂಡು, ಒಂದು ದೊಡ್ಡ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಸ್ವಲ್ಪ ಸ್ವಲ್ಪವೇ ಕುಡಿಸಲು ಅಮ್ಮನಿಗೆ ಹೇಳಿದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಗ ಆಂಬುಲೆನ್ಸೇ ಗತಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆ ಹದಿನೈದು ನಿಮಿಷದಲ್ಲಿ ಗೆಳೆಯನ ತಂಗಿ, ಅವರ ಯಜಮಾನರು ಬಂದು ಬಾಗಿಲು ತಟ್ಟಿದ್ದು ನನಗೆ ಫೋನಿನಲ್ಲಿ ಕೇಳಿಸಿತು. ಎರಡನೇ ಸಲ ನೋಡಿದಾಗ 74. "ಇಷ್ಟು ಬೆಳಿಗ್ಗೆ ಇವರೆಲ್ಲ ಯಾಕೆ ಬಂದಿದ್ದಾರೆ?" ಎಂದು ಅಪ್ಪ ಕೇಳಿದರು. ನನಗೆ ಕಾಲಲ್ಲಿ ಬಲವೇ ಇರಲಿಲ್ಲ, ಅಡುಗೆಮನೆಯ ನೆಲದ ಮೇಲೆ ಕೂತೆ.

ಅಷ್ಟಕ್ಕೇ ಬಿಡಲಿಲ್ಲ, ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದನ್ನು ದಯವಿಟ್ಟು ನೆನಪಿಡಿ: ಈ ಜಾತಿಯ ಮಾತ್ರೆಯ ಪರಿಣಾಮ ಬಹಳ ಹೊತ್ತು ಇರುತ್ತದೆ, ವಯಸ್ಸಾದವರಲ್ಲಿ ಸಕ್ಕರೆ ಕುಡಿಸಿ ಸರಿಹೋದ ಮೇಲೂ ತಿರುಗಿ ಇಳಿಯಬಹುದು. ಒಂದು ದಿನ ಇಟ್ಟುಕೊಂಡು ನೋಡಿ, ಡಾಕ್ಟರು ಮಾತ್ರೆ ಬದಲಾಯಿಸಿ ಕಳಿಸಿದರು.

ಆಸ್ಪತ್ರೆಯಲ್ಲಿ ಯಾವ ಯಾವ ಮಾತ್ರೆ ಎಂದು ಕೇಳಿದಾಗ ಗೆಳೆಯನ ತಂಗಿ ಫೋನು ತೆರೆದು ತೋರಿಸಿದರು. ಏಕೆಂದರೆ ನಮ್ಮ ಆರು ಮನೆಯವರ ಹತ್ತಿರ ಒಂದು ಪಟ್ಟಿಯಿದೆ. ಆರೂ ಮನೆಯ ಹಿರಿಯರ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವ ಡಾಕ್ಟರು, ಯಾವ ಔಷಧಿ ಆಗುವುದಿಲ್ಲ, ಪಕ್ಕದ ಮನೆಯವರ ಫೋನ್ ನಂಬರು, ಮನೆಯ ಇನ್ನೊಂದು ಬೀಗದ ಕೈ ಯಾರ ಹತ್ತಿರವಿದೆ, ಎಲ್ಲವೂ ಅದರಲ್ಲಿ. ನನ್ನ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಬರೆದ ಪ್ರೋಗ್ರಾಮುಗಳಿಗಿಂತ ಆ ಒಂದು ಪುಟದ ಮೇಲೆ ನನಗೆ ಹೆಚ್ಚು ಅಭಿಮಾನ. ಹೆತ್ತವರು ಇಲ್ಲಿಗೆ ಬರುವಾಗಲೂ ಅದರ ಒಂದು ಪ್ರತಿ ಅವರ ಕೈಚೀಲದಲ್ಲಿರಲಿ. ಇನ್ಸುಲಿನ್ ಇದ್ದರೆ ಅದೂ ಕೈಚೀಲದಲ್ಲೇ, ಸೂಟ್‌ಕೇಸಿನಲ್ಲಿ ಹಾಕಿ ಕಳಿಸಿದರೆ ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ಹಾಳಾಗಬಹುದು.

ಫ್ರೀಮಾಂಟಿನ ಗೆಳೆಯನ ಮಗಳಿಗೆ ಈಗ ಹದಿನಾರು ವರ್ಷ. ಅವಳಿಗಿರುವುದು ಟೈಪ್ 1, ಒಂಬತ್ತನೇ ವಯಸ್ಸಿನಲ್ಲಿ ಬಂದದ್ದು. ಇದು ನಮ್ಮ ಹೋಳಿಗೆ, ಸೋಮಾರಿತನದ ಕಾಯಿಲೆಯಲ್ಲ. ದೇಹವೇ ತನ್ನ ಇನ್ಸುಲಿನ್ ಕಣಗಳನ್ನು ಕೊಂದುಕೊಳ್ಳುತ್ತದೆ, ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಜೀವ ಉಳಿಯುವುದಿಲ್ಲ. "ಹೆಣ್ಣುಮಗು, ಯಾರಿಗೂ ಹೇಳಬೇಡಿ, ನಾಳೆ ಮದುವೆಗೆ ತೊಂದರೆ" ಎಂದು ಊರಿನಿಂದ ಅಜ್ಜಿ ಹೇಳಿದರು. ಹುಡುಗಿ ಕೇಳಲಿಲ್ಲ. ತರಗತಿಯಲ್ಲಿ ಎಲ್ಲರಿಗೂ ತನ್ನ ಪಂಪು ತೋರಿಸಿ, ಶುಗರ್ ಇಳಿದರೆ ತನಗೆ ಏನು ಕೊಡಬೇಕೆಂದು ಸ್ನೇಹಿತೆಯರಿಗೆ ತಾನೇ ಪಾಠ ಮಾಡಿದ್ದಾಳೆ. ನಮ್ಮ ಆರು ಜನರಿಗಿಂತ ಮುಂಚೆಯೇ ಗೆಳೆಯರ ಬೆಲೆ ಕಂಡುಕೊಂಡವಳು ಅವಳು.

ಕಳೆದ ಬೇಸಿಗೆಯಲ್ಲಿ ಅವರು ನಮ್ಮ ಮನೆಗೆ ಬಂದಿದ್ದರು. ನಮ್ಮಲ್ಲಿ ನೆಂಟರು ಬಂದರೆ ನಯಾಗರ ತಪ್ಪಿದ್ದಲ್ಲ. ದಾರಿಯಲ್ಲಿ, ಡೆಟ್ರಾಯಿಟಿನಿಂದ ಎರಡು ಗಂಟೆ ದೂರದಲ್ಲಿ, ಕೆನಡಾದ ಲಂಡನ್ ಎಂಬ ಊರಿದೆ. ನಾವೆಲ್ಲ ಪೆಟ್ರೋಲು ಹಾಕಿಸಿಕೊಂಡು ಮುಂದೆ ಹೋಗುತ್ತೇವಲ್ಲ, ಅದೇ ಊರು. ಅಲ್ಲಿನ ಒಂದು ಮನೆಯಲ್ಲಿ 1920ರ ಅಕ್ಟೋಬರ್ ಕೊನೆಯ ರಾತ್ರಿ ನಿದ್ದೆ ಬಾರದೆ ಎದ್ದು ಕೂತ ಡಾಕ್ಟರ್ ಫ್ರೆಡರಿಕ್ ಬ್ಯಾಂಟಿಂಗ್ ತನಗೆ ಹೊಳೆದದ್ದನ್ನು ಬರೆದಿಟ್ಟ. ಮುಂದಿನ ಬೇಸಿಗೆಯಲ್ಲಿ ಟೊರೊಂಟೊದಲ್ಲಿ ಚಾರ್ಲ್ಸ್ ಬೆಸ್ಟ್ ಜೊತೆ ಪ್ರಯೋಗ. 1922ರ ಜನವರಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್. ಮೊದಲ ಸಲದ್ದು ಶುದ್ಧವಾಗಿರಲಿಲ್ಲ, ಒಗ್ಗಲಿಲ್ಲ; ಜೇಮ್ಸ್ ಕಾಲಿಪ್ ಅದನ್ನು ಶುದ್ಧಿ ಮಾಡಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ, ಇನ್ನೂ ಹದಿಮೂರು ವರ್ಷ ಬದುಕಿದ. ಪೇಟೆಂಟು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಹೋದದ್ದು ಹೆಸರಿಗೊಂದು ಡಾಲರಿನ ಲೆಕ್ಕದಲ್ಲಿ. ಆ ಮನೆ ಈಗ ಮ್ಯೂಸಿಯಂ. ಹೊರಗೆ 1989ರಲ್ಲಿ ಹಚ್ಚಿದ ಒಂದು ಜ್ವಾಲೆಯಿದೆ. ಡಯಾಬಿಟಿಸ್ ಪೂರ್ತಿ ಗುಣವಾಗುವ ಉಪಾಯ ಸಿಕ್ಕ ದಿನವೇ ಅದನ್ನು ಆರಿಸುವುದಂತೆ. ಬ್ಯಾಂಟಿಂಗ್ ಮಲಗುತ್ತಿದ್ದ ಕೋಣೆಯಲ್ಲಿ ನಾವೆಲ್ಲ ಗಂಭೀರವಾಗಿ ನಿಂತಿದ್ದಾಗ ಹುಡುಗಿಯ ತೋಳಿನ ಸೆನ್ಸರು ಶುಗರ್ ಇಳಿಯುತ್ತಿದೆ ಎಂದು ಬೀಪ್ ಬೀಪ್ ಎಂದು ಕೂಗಿತು. ಅವಳು ನಗುತ್ತಾ ಹೊರಗೆ ಓಡಿ ಜ್ಯೂಸ್ ಕುಡಿದು ಬಂದಳು.

ಅವಳ ತೋಳಿನಲ್ಲಿ ಸೆನ್ಸರಿದೆ, ಸೊಂಟದಲ್ಲಿ ಪಂಪಿದೆ. ನಮ್ಮ ಜಿಲ್ಲೆಗಳ ಹಳ್ಳಿಯಲ್ಲಿ ಅದೇ ಕಾಯಿಲೆ ಇರುವ ಕೂಲಿಯವರ ಮಗುವಿಗೆ ಇವೆರಡೂ ಇಲ್ಲ. ದಿನಕ್ಕೆ ನಾಲ್ಕು ಸಲ ನೋಡಿದರೂ ವರ್ಷಕ್ಕೆ 1,460 ಸ್ಟ್ರಿಪ್ ಬೇಕು, ಇನ್ಸುಲಿನ್ ಬೇರೆ, ಸೂಜಿ ಬೇರೆ. ಸ್ಟ್ರಿಪ್ ಇಲ್ಲದೆ ಇನ್ಸುಲಿನ್ ಕೊಡುವುದು ಕಣ್ಣು ಕಟ್ಟಿಕೊಂಡು ಕಾರು ಓಡಿಸಿದ ಹಾಗೆ. ಈ ಸಂಜೆಯ ಹಣ ಪೂರ್ತಿಯಾಗಿ ಅಂಥ ಮಕ್ಕಳ ಇನ್ಸುಲಿನ್, ಮೀಟರು, ಸ್ಟ್ರಿಪ್ಪಿಗೆ ಹೋಗುತ್ತದೆ. ಒಂದು ವರ್ಷ ಕೊಟ್ಟು ನಿಲ್ಲಿಸುವ ಹಾಗಿಲ್ಲ, ಅದಕ್ಕೇ ತಿಂಗಳಿಗೆ ಇಷ್ಟು ಎಂದು ಬರೆದುಕೊಡುವವರನ್ನು ಸಮಿತಿ ಹೆಚ್ಚಾಗಿ ಹುಡುಕುತ್ತಿದೆ. ಲಕೋಟೆಗಳು ನಿಮ್ಮ ಮೇಜಿನ ಮೇಲಿವೆ. ಬಾಗಿಲ ಹತ್ತಿರದ ಮೇಜಿನಲ್ಲಿ ನಮ್ಮ ಇಬ್ಬರು ಡಾಕ್ಟರುಗಳು ಮೀಟರು ಇಟ್ಟುಕೊಂಡು ಕೂತಿದ್ದಾರೆ, ಊಟಕ್ಕೆ ಮುಂಚೆ ಬೆರಳು ಕೊಡಿ. ಅದರ ಪಕ್ಕದಲ್ಲಿ ನಾನು ಹೇಳಿದ ಪಟ್ಟಿಯ ಖಾಲಿ ಹಾಳೆಗಳು ಕನ್ನಡದಲ್ಲಿವೆ. ಎರಡೆರಡು ತೆಗೆದುಕೊಳ್ಳಿ, ಒಂದು ಊರಿಗೆ, ಒಂದು ಗೆಳೆಯರಿಗೆ.